ಹೊನ್ನೂರಮ್ಮನ ಬಾಯಿಗೆ ಬಂದ ರೂಲು

ಎಪ್ಪತ್ತೊಂಬತ್ತನೇ ಇಸವಿ ಮಾತು. ಸಿರುಗುಪ್ಪದಿಂದ ಬಳ್ಳಾರಿಗೆ ಫೋನ್ ಹಚ್ಚಬೇಕಂದ್ರ ಸಂತಿ ಕಟ್ಟಿ ಹಿಂದಿನ ಫೋನಾಫೀಸಿಗೇ ಹೋಗಬೇಕಿತ್ತು. ಲೈನೋ, ಬರೇ ಗೊರಗೊರ. ಅದಕ್ಕ ಆಪರೇಟರ್ ಹೊನ್ನೂರಮ್ಮ ನಡುವ ಕುಂತು, ಆ ಕಡಿ ಮಾತು ಈ ಕಡಿಗೆ ಒದರಿ ಮುಟ್ಟಿಸ್ತಿದ್ಲು. "ಮಗಳು ಹಡದಾಳಂತ್ರಿ, ಗಂಡಂತ್ರಿ" ಅಂದ್ರ ಸಾಕು, ಬೆಂಚಿನ ಮ್ಯಾಲಿದ್ದೋರೆಲ್ಲಾ ಚಾ ಕೇಳೋರು. ಆಕಿ ಅಂದ್ರ ಊರಿಗೇ ಪ್ರೀತಿ.

ಬಾಲವಾಡಿ ಟೀಚರ್ ಸುವರ್ಣಮ್ಮಗೂ ಪ್ರೀತಿನ, ಆ ಸೋಮವಾರದ ತನಕ. ಕೆಮ್ಮು ಬಿಡವಲ್ದು ಅಂತ ಬಳ್ಳಾರಿ ಡಾಕ್ಟರಿಗೆ ತೋರಿಸಿ ಬಂದಿದ್ಲು. ಟೆಸ್ಟ್ ಏನಾತು ಕೇಳಾಕ ಫೋನ್ ಮಾಡಿದ್ರ ಒಂದಕ್ಷರ ತಿಳಿವಲ್ದು.

"ತಡಿ, ನಾ ಕೇಳಿ ಹೇಳ್ತೀನಿ," ಅಂದ್ಲು ಹೊನ್ನೂರಮ್ಮ. ಕೇಳಿದ್ಲು. ಆಮ್ಯಾಲ ಆಫೀಸು ತುಂಬ ಕೇಳೂಹಂಗ, "ಟೀಬಿ ಐತಂತ ಸುವರ್ಣಾ. ಗುಳಿಗಿ ತಗೊಂಡ್ರ ಪೂರಾ ಹೋಗ್ತೈತಂತ. ಅಂಜಬ್ಯಾಡಂತ."

ಬೆಂಚಿನ ಮಂದಿ ಒಬ್ಬೊಬ್ಬರಾಗಿ ಎದ್ದು ಹೊರಗ ಹೋದ್ರು. ಸುವರ್ಣಮ್ಮ ಫೋನ್ ಇಟ್ಟು ಬಾಗಿಲಿಗೆ ಬಂದ್ಲು. ತನ್ನ ಜಡ್ಡು ತನಗಿಂತ ಮೊದ್ಲು ಬೀದಿಗೆ ಇಳಿದಿತ್ತು.

ಮಾರನೇ ದಿನ ರಜಾ ಕೇಳಾಕ ಹೋದ್ರ, ಬಾಲವಾಡಿ ಕಮಿಟಿ ಅಧ್ಯಕ್ಷ, ಅಕ್ಕಿ ಮಿಲ್ಲಿನ ಸಾಹುಕಾರ ವಿರೂಪಾಕ್ಷಪ್ಪ ಹೊಸ್ತಿಲ ಒಳಗೇ ಕರಕೊಳ್ಳಲಿಲ್ಲ.

"ಜಡ್ಡು ಹತ್ತೋದು ನಿಂತಮ್ಯಾಲ ಬರ್ತೀನ್ರಿ. ಡಾಕ್ಟರ್ ಕೈಲೆ ಬರಸ್ಕೊಂಡು ತರ್ತೀನಿ."

"ಊರಿಗೆ ಗೊತ್ತಾದಮ್ಯಾಲ ನಿನ್ನ ಹತ್ರ ಯಾರು ಕೂಸು ಬಿಡ್ತಾರವ್ವಾ? ಬಾಲವಾಡಿ ಕೀಲಿಕೈ ಕಟ್ಟಿ ಮ್ಯಾಲ ಇಡು. ಕೈಗೆ ಕೊಡಬ್ಯಾಡ."

ಆಕಿಗಿದ್ದದ್ದು ಅದೊಂದೇ ಕೆಲಸ.

ಫೋನಾಫೀಸಿನೋರನ್ನ ಕೇಳಿದ್ರ, "ಒದರಬಾರದು ಅಂತ ರೂಲೇ ಇಲ್ಲಲ್ಲ. ಬಳ್ಳಾರಿಯಾಗ ಫೋನ್ ಕಮಿಟಿ ಕೂಡ್ತೈತಿ, ಅಲ್ಲಿ ಕೇಳು," ಅಂದ್ರು. ಒಂದೆರಡು ತಿಂಗಳು ಗುಳಿಗಿ ನುಂಗಿ, ಇನ್ನ ಜಡ್ಡು ಹತ್ತಂಗಿಲ್ಲ ಅಂತ ಡಾಕ್ಟರ್ ಹೇಳಿದಮ್ಯಾಲ, ಕುರುಗೋಡು ಮ್ಯಾಲಿಂದ ಹೋಗೋ ಬಸ್ ಹತ್ತಿದ್ಲು. ಕುರುಗೋಡಿನಾಗ ಹತ್ತಿದ, ಸಿರುಗುಪ್ಪ ಸಂತಿಗೆ ಬರೋ ಒಬ್ಬ ಅಜ್ಜಿ ಬಾಜೂಕ ಕುಂತು, ಮಾರಿ ನೋಡಿ, "ಟೀಬಿ ಟೀಚರ್ ನೀನ ಅಲ್ಲೇನು?" ಅಂದು ಎದ್ದು ನಿಂತ್ಲು. ಸುವರ್ಣಮ್ಮ ಸೆರಗು ಮಾರಿಮ್ಯಾಲ ಎಳಕೊಂಡ್ಲು. ಸುದ್ದಿ ಇಲ್ಲಿಗೂ ಬಂದೈತಿ.

ಮೀಟಿಂಗಿನಾಗ ನೋಡಿದ್ರ, ನಡುವಿನ ಕುರ್ಚಿಮ್ಯಾಲ ಅದ ವಿರೂಪಾಕ್ಷಪ್ಪ. ಫೋನ್ ಕಮಿಟಿಗೂ ಆತನ ಅಧ್ಯಕ್ಷ. ಮೂಲ್ಯಾಗ, ವಿಚಾರಣಿಗೆ ಕರೆಸಿದ ಹೊನ್ನೂರಮ್ಮ.

"ಫೋನಿನ ಮಾತು ಮೂರನೇಯೋರಿಗೆ ಹೇಳಬಾರದು ಅಂತ ರೂಲು ಮಾಡ್ರಿ," ಅಂದ್ಲು ಸುವರ್ಣಮ್ಮ.

ಸಾಹುಕಾರ ನಕ್ಕ. "ಮುಚ್ಚಿಡೋದು ತಪ್ಪು ಮಾಡಿದೋರಿಗೆ ಬೇಕು. ನಮ್ಮಂಥೋರಿಗ್ಯಾಕ?"

"ಹೌದ್ರಿ? ಹೊನ್ನೂರಕ್ಕ, ಸಾಹುಕಾರ್ರು ನಿನ್ನಿ ಯಾರಿಗೆ ಫೋನ್ ಹಚ್ಚಿದ್ರು, ಏನ್ ಮಾತಾಡಿದ್ರು, ಒಂದಿಷ್ಟು ಹೇಳು."

ಹೊನ್ನೂರಮ್ಮಗ ಕೇಳಿದ್ದು ಹೇಳೋದ ಕೆಲಸ. ಸೆರಗು ಸರಿಮಾಡ್ಕೊಂಡು, "ನಿನ್ನಿ ಸಂಜಿಕ ಗುಂಟಕಲ್ಲಿಗ್ರಿ, ಆ ಹೆಣ್ಮಗಳು ಫೋನ್ ತಗೊಂಡು..."

ವಿರೂಪಾಕ್ಷಪ್ಪನ ಕೈಯಾಗಿನ ಚಾ ಪಂಚಿಮ್ಯಾಲ ಚೆಲ್ಲಿತು. "ಸಾಕು ಸಾಕು. ಬರ್ಕೋರಿ, ರೂಲು ಬರ್ಕೋರಿ." ಉಳಿದ ಮೆಂಬರುಗಳು ಒಬ್ಬರ ಮಾರಿ ಒಬ್ಬರು ನೋಡ್ಲಾರದ ಕೈ ಎತ್ತಿದ್ರು. ಫೋನ್ ಮಾಡೋರಿಗೆ ಮರದ ಬಾಗಿಲಿನ ಗೂಡು, ಆಪರೇಟರ್ ಬಾಯಿ ಬಂದ್, ಎಲ್ಲಾ ಪಾಸು.

"ನನ್ನ ಬಾಲವಾಡಿರೀ?"

"ಅದು ಬ್ಯಾರೆ ಕಮಿಟಿ," ಅಂದು ಸಾಹುಕಾರ ಚಪ್ಪಲಿ ಹುಡುಕಿದ.

ಹೊರಗ ಹೊನ್ನೂರಮ್ಮ ಓಡಿ ಬಂದು ರಟ್ಟಿ ಹಿಡಿದ್ಲು. "ನನ್ನಿಂದ ನಿನ್ನ ಅನ್ನ ಹೋತಲ್ಲೇ. ಗುಂಟಕಲ್ಲಿಂದು ಪೂರಾ ಹೇಳ್ತೀನಿ ಕೇಳು. ಆತನ ಮನಿ ಮುಂದ ನಿಂತು ಒಂದು ಮಾತಂದ್ರ ಸಾಕು, ನಾಳಿಗೇ ಕೀಲಿಕೈ ಕೊಡ್ತಾನ."

ಸುವರ್ಣಮ್ಮಗ ಕೀಲಿಕೈ ಕಣ್ಣಿಗೇ ಕಟ್ಟಿತು. ಹೊನ್ನೂರಮ್ಮನ ಬಾಯಿ ಹತ್ರ ಕಿವಿ ತರೋದೊಂದ ಬಾಕಿ.

"ಬ್ಯಾಡಕ್ಕ. ಅದೂ ಫೋನಿನ ಮಾತ ಅಲ್ಲೇನು," ಅಂದ್ಲು.

ಹೊನ್ನೂರಮ್ಮ ಹಿಡಿದ ರಟ್ಟಿ ಬಿಟ್ಲು. ಇಷ್ಟು ವರ್ಷದಾಗ ಆಕಿಗೆ ಬ್ಯಾಡ ಅಂದೋರು ಒಬ್ಬರೂ ಇರಲಿಲ್ಲ. ಇಬ್ಬರೂ ಸಿರುಗುಪ್ಪ ಬಸ್ಸು ಹತ್ತಿದ್ರು.