ಶನಿವಾರ ಬೆಳ್ಳಗಾಗುವ ಬುಗ್ಗೆ

ನಮ್ಮ ಕ್ರೋಸೆಲ್ ಇರುವುದು ಬೆಟ್ಟದ ಮೇಲೆ. ಊರಿನ ಇತಿಹಾಸವೆಂದರೆ ಇಷ್ಟೇ: ಹಿಂದೊಮ್ಮೆ ರಾಜನೊಬ್ಬ ಕುದುರೆಯೇರಿ ಬಂದು, ಕೆಳಗಿನ ಬೆಲ್‌ಫೋಂಗೆ ದಾರಿ ಕೇಳಿಕೊಂಡು ಹೋದ. ಭೂಗೋಳ ಅದಕ್ಕಿಂತ ಅನ್ಯಾಯದ್ದು. ನಮ್ಮ ಹಳ್ಳ ಊರನ್ನೆಲ್ಲ ಸುತ್ತಿ, ಚೀಸ್ ಮಾಡುವ ಮನೆಯ ಹಿಂದೆ ಸುಣ್ಣಕಲ್ಲಿನ ಬಿಲದೊಳಗೆ ಬಿದ್ದು ಮಾಯವಾಗುತ್ತದೆ. ಕೆಳಗೆ ಬೆಲ್‌ಫೋಂನಲ್ಲಿ ಬಂಡೆಯ ಬುಡದಿಂದ ದೊಡ್ಡ ಬುಗ್ಗೆ ಉಕ್ಕುತ್ತದೆ. ಅದು ನಮ್ಮ ನೀರೇ ಎಂದು ನಾವು. ಅಲ್ಲ, ಮಾತೆ ಮರಿಯಮ್ಮನವರ ಕೃಪೆ ಎಂದು ಅವರು. ಯಾಕೆಂದರೆ ಆ ಬುಗ್ಗೆ ಪ್ರತಿ ಶನಿವಾರ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಮಾತೆಯ ಹಾಲೆಂದು ಹೆಂಗಸರು ಎಲ್ಲೆಲ್ಲಿಂದಲೋ ಹೂಜಿ ಹಿಡಿದು ಬರುತ್ತಿದ್ದರು. ಬೆಲ್‌ಫೋಂನವರು ಬಂದವರಿಗೆ ಸಾಸೇಜು, ವೈನು ಮಾರಿ ಗುಂಡಗಾಗಿದ್ದರು.

ಈ ಜಗಳದಲ್ಲಿ ಹೆಚ್ಚು ಬೆಂದವನು ನಮ್ಮ ಚೀಸ್ ಮಾಡುವ ಆನ್ಸೆಲ್ಮ್. ಅವನಿಗೂ ಹೆಂಡತಿ ಫಿಲೊಮೆನ್‌ಗೂ ಬಹಳ ವರ್ಷ ಮಕ್ಕಳಿರಲಿಲ್ಲ. ಅವಳು ಹರಕೆ ಹೊತ್ತು ಶನಿವಾರದ ನೀರು ಕುಡಿದಳು. ಪುಟ್ಟ ಬ್ಲಾಂದಿನ್ ಹುಟ್ಟಿದಳು. ಅಂದಿನಿಂದ ಬೆಲ್‌ಫೋಂ ಸಂತೆಗೆ ಹೋದಾಗಲೆಲ್ಲ ಅಲ್ಲಿನ ಹೋಟೆಲಿನ ಗಾಸ್ಪಾರ್ ಬಾಗಿಲಲ್ಲೇ ನಿಂತು ಕೂಗುತ್ತಿದ್ದ:

"ಏನಯ್ಯ ಆನ್ಸೆಲ್ಮ್, ನಮ್ಮೂರ ಮಗು ಚೆನ್ನಾಗಿದ್ಯಾ? ನೀನು ಸಾಕ್ತಿದ್ದೀಯಲ್ಲ, ಅದೇ ದೊಡ್ಡ ಉಪಕಾರ ಕಣಪ್ಪ!"

ನಾನು ಆನ್ಸೆಲ್ಮನಿಗೆ ಹಾಲು ಹಾಕುವವನು. ಒಂದು ದಿನ ಕ್ಯಾನು ಇಳಿಸುತ್ತಿದ್ದಾಗ ಅವನು ಹೇಳಿದ, "ನೀರು ನಮ್ದು ಅಂತ ತೋರಿಸಿಬಿಟ್ರೆ ಮಗಳೂ ನಮ್ಮವಳೇ ಅಂತಾಗುತ್ತೆ. ಬಿಲಕ್ಕೆ ಬಣ್ಣ ಸುರೀತೀನಿ. ಅದು ಕೆಳಗೆ ಬಂದ್ರೆ ಗಾಸ್ಪಾರ್ ಬಾಯಿ ಬಂದ್."

"ಕೆಂಪು ವೈನ್ ಸುರಿ," ಎಂದೆ.

"ನಿಂಗೆ ತಲೆ ನೆಟ್ಟಗಿದ್ಯಾ? ಬೆಲ್‌ಫೋಂನೋರಿಗೆ ಬಿಟ್ಟಿ ವೈನಾ?"

ಕೊನೆಗೆ ಬಟ್ಟೆಗೆ ಹಾಕುವ ನೀಲಿ ಎಂದಾಯಿತು. ಅಂಗಡಿಯಲ್ಲಿದ್ದ ನೀಲಿಯನ್ನೆಲ್ಲ ಬಾಚಿ ತಂದ. ಹೆಚ್ಚು ಜನ ನೋಡಲಿ ಎಂದು ಶನಿವಾರವನ್ನೇ ಆರಿಸಿದ. ಬೆಳಿಗ್ಗೆ ನೀಲಿ ಸುರಿದ. ಆಮೇಲೆ ಕೈ ಸುಮ್ಮನಿರಬೇಕಲ್ಲ, ವಾರದ ಕಡಾಯಿ ತೊಳೆದು, ಹಂದಿಗಳು ಕುಡಿದು ಮಿಕ್ಕಿದ್ದ ಒಡೆದ ಹಾಲಿನ ನೀರನ್ನೂ ಅದೇ ಬಿಲಕ್ಕೆ ಸುರಿದ. ಪ್ರತಿ ಶನಿವಾರ ಮಾಡುತ್ತಿದ್ದ ಕೆಲಸ; ಅದರಲ್ಲಿ ಯೋಚಿಸುವುದೇನಿದೆ? ನಾನೂ ಯೋಚಿಸಲಿಲ್ಲ. ನಮ್ಮೂರಿನ ಬುದ್ಧಿಯೇ ಅಷ್ಟು.

ಗಾಡಿ ಹೊಡೆದುಕೊಂಡು ಕೆಳಗಿಳಿದೆವು. ಬುಗ್ಗೆ ಇನ್ನೂ ತಿಳಿಯಾಗಿತ್ತು. ಸುತ್ತ ಹೂಜಿ ಹಿಡಿದವರ ನೂಕುನುಗ್ಗಲು. ಅವರ ನಡುವೆ ಮಗಳ ಕೈಹಿಡಿದು ಫಿಲೊಮೆನ್ ಕೂಡ. ಅವಳು ಒಂದು ಶನಿವಾರವೂ ತಪ್ಪಿಸಿದವಳಲ್ಲ. ನೋಡನೋಡುತ್ತಿದ್ದಂತೆ ನೀರು ನೀಲಿಯಾಯಿತು. ಹಿಂದೆಯೇ ಬಿಳುಪು ಬಂದು ಬೆರೆತು ಚೆಂದದ ಆಕಾಶಬಣ್ಣ.

ಆನ್ಸೆಲ್ಮ್ ಬಾಯಿ ತೆರೆಯುವ ಮೊದಲೇ ಬೆಲ್‌ಫೋಂನ ಪಾದ್ರಿಗಳು ಮಂಡಿಯೂರಿಬಿಟ್ಟಿದ್ದರು.

"ಮಾತೆಯ ನೀಲಿ ಮೇಲಂಗಿಯ ಬಣ್ಣ!"

ಜನರೆಲ್ಲ ದೊಪದೊಪನೆ ಮಂಡಿಯೂರಿದರು. ಗಾಸ್ಪಾರ್ ಅಳುತ್ತಲೇ ಹೆಂಡತಿಗೆ ಕೂಗಿದ, "ಇನ್ನೊಂದು ಹಂದಿ ಕೊಯ್ಸೇ!"

"ಮೇಲಂಗೀನೂ ಇಲ್ಲ, ಮಣ್ಣಾಂಗಟ್ಟೀನೂ ಇಲ್ಲ!" ಆನ್ಸೆಲ್ಮ್ ಅರಚಿದ. "ಅದು ನಾನು ಮೇಲೆ ಸುರಿದ ನೀಲಿ! ಕೈ ನೋಡಿ!"

ಮೊಣಕೈವರೆಗೂ ನೀಲಿ. ಪಾದ್ರಿಗಳು ನೀರಿಗೆ ಬೆರಳದ್ದಿ ಮೂಸಿದರು.

"ಹಾಗಾದ್ರೆ ಈ ಬಿಳುಪು?"

"ಅದಾ? ಅದು ನನ್ನ ಕಡಾಯೀದು. ಪ್ರತಿ ಶನಿವಾ..."

ಅಲ್ಲಿಗೆ ಅವನಿಗೆ ಹೊಳೆಯಿತು.

ಹೆಂಡತಿಯ ಅಷ್ಟು ವರ್ಷದ ಭಕ್ತಿಯನ್ನು ಹಂದಿ ಕುಡಿದು ಬಿಟ್ಟ ನೀರಲ್ಲಿ ಕಲಸಿಬಿಟ್ಟನಲ್ಲ ಎಂದು ನನಗೆ ನಿಜಕ್ಕೂ ಮರುಕವಾಯಿತು. ಆನ್ಸೆಲ್ಮ್ ಟೋಪಿ ತೆಗೆದು ಹಿಂಡುತ್ತ ನಿಂತ. ಗಾಸ್ಪಾರನ ನಾಲಿಗೆ ಮಾತ್ರ ಸುಮ್ಮನಿರಲಿಲ್ಲ.

"ಕೇಳಿಸ್ತೇನಮ್ಮ ಫಿಲೊಮೆನ್? ನೀನು ಕುಡಿದಿದ್ದು ನಿನ್ನ ಗಂಡ ಕಡಾಯಿ ತೊಳೆದ ನೀರಂತೆ! ಹಾಗಾದ್ರೆ ಈ ಮಗು ಯಾರ ಕೃಪೆ?"

ಫಿಲೊಮೆನ್ ಎದ್ದಳು. ಮಂಡಿಯ ಮಣ್ಣು ಕೊಡವಿದಳು. ಹೂಜಿಯನ್ನು ಗಾಸ್ಪಾರನ ಬೂಟಿನ ಮೇಲೆ ಬಗ್ಗಿಸಿದಳು.

"ಇಷ್ಟು ವರ್ಷ ಪುಣ್ಯ ಎಲ್ಲ ನಿಮ್ಮೂರಿಗೆ ಕೊಟ್ಟಿದ್ನಲ್ಲ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಮಗು ನನ್ನ ಗಂಡಂದೇ ಅಂತ ಪಾದ್ರಿಗಳ ಮುಂದೆ, ಎರಡೂರಿನ ಜನ ನೋಡ್ತಿರುವಾಗ ಸಾಬೀತಾಯ್ತು. ಯಾವ ಹೆಂಗಸಿಗೆ ಇಷ್ಟು ಸಾಕ್ಷಿ ಸಿಗುತ್ತೆ ಹೇಳಿ?"

ಮಗಳನ್ನು ಗಾಡಿಗೆ ಹತ್ತಿಸಿ, ಗಂಡನ ನೀಲಿ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ನಡೀರಿ ಮನೆಗೆ. ಇನ್ನೊಂದು ಬೇಕಾದ್ರೆ ಬೆಟ್ಟ ಇಳಿಯೋ ಕೆಲಸವೇ ಇಲ್ಲ."