ಪೂರಾ ಸೂಟಿ

ಮಷೀನು ಅಂದರೆ ನನಗೆ ಆಗುವುದಿಲ್ಲ. ಮಿರಜಿನ ನಮ್ಮ ಖಾನಾವಳಿಯಲ್ಲಿ ಮೊನ್ನೆಮೊನ್ನೆಯವರೆಗೂ ಬಾಯಿಲೆಕ್ಕವೇ ನಡೆಯುತ್ತಿತ್ತು. ಊರಿನ ದವಾಖಾನೆಗಳಿಗೆ ಪೇಶಂಟನ್ನು ಕರೆದುಕೊಂಡು ಬಂದವರಿಗೆ ನಮ್ಮ ಯಜಮಾನರು ಮಹಾಲಿಂಗಪ್ಪನವರು "ಇರ್ಲಿ ಬಿಡ್ರಿ" ಎಂದು ಕಡಿಮೆ ತೆಗೆದುಕೊಳ್ಳುತ್ತಿದ್ದರು. ಮಗ ನಿಲೇಶ ಬಿಲ್ಲಿಂಗ್ ಮಷೀನು ತಂದ ಮೇಲೆ "ಇರ್ಲಿ ಬಿಡ್ರಿ"ಗೂ ಒಂದು ಬಟನ್ ಬಂತು. ಅದರ ಮೇಲೆ ಮರಾಠಿಯಲ್ಲಿ ‘ಸೂಟ’ ಎಂದಿದೆ, ರಿಯಾಯಿತಿ ಎಂದರ್ಥ. ಪೇಶಂಟ ಕಡೆಯವರಿಗೆ ಹತ್ತು ಪರ್ಸೆಂಟು, ಕಾಲೇಜು ಹುಡುಗರಿಗೆ ಐದು ಎಂದು ಸೊಸೆ ಪ್ರಾಜಕ್ತಾ ತುಂಬಿಟ್ಟಳು. ಅದಕ್ಕಿಂತ ಹೆಚ್ಚು ಬಿಡಬೇಕೆಂದರೆ ಮಷೀನು ಕಾರಣ ಕೇಳುತ್ತದೆ. ಬರೆದ ಕಾರಣ ಬಿಲ್ಲಿನ ಕೆಳಗೆ ಅಚ್ಚಾಗಿ ಬರುತ್ತದೆ. ನಮ್ಮ ಮನಸ್ಸಿಗೆ ಬಂದು ಬಿಟ್ಟರೆ ಕಾರಣ ಕೇಳಲು ಇದ್ಯಾವ ಶಾಣ್ಯಾ ಎಂದು ನನಗೆ ಸಿಟ್ಟು.

ಪ್ರಾಜಕ್ತಾ ಪಕ್ಕದೂರಿನ ವಿಶ್ರಾಮಬಾಗದ ಹುಡುಗಿ. ಮನೆತನ ನಮ್ಮಂಥದೇ, ನಾಲಿಗೆ ಮಾತ್ರ ಪೂರ್ತಿ ಮರಾಠಿ; ನನ್ನನ್ನು ಆಯಿ, ಮಾವನನ್ನು ಬಾಬಾ ಎಂದು ಕರೆಯುತ್ತಾಳೆ. ಕನ್ನಡ ತಿಳಿಯುತ್ತದೆ ಎನ್ನುತ್ತಾಳೆ.

ಶನಿವಾರ ಯಜಮಾನರಿಗೆ ಎದೆನೋವು ಬಂದು ದವಾಖಾನೆಗೆ ಸೇರಿಸಿದೆವು. ಸೋಮವಾರ ತಪಾಸಣೆ, ರಕ್ತನಾಳ ಕಟ್ಟಿದ್ದರೆ ಎದೆ ಕೊಯ್ಯಬೇಕು ಎಂದು ಡಾಕ್ಟರು ಹೇಳಿದರು. ನನಗೆ ದೇವರಿಗೆ ಹರಕೆ ಹೊರಲೂ ಅಂಜಿಕೆ. ಆ ಮಾತು ಆಡಿದರೆ ಎಲ್ಲಿ ಕೆಟ್ಟದ್ದು ನಿಜವಾಗುತ್ತದೋ ಎಂದು. ವಾರ್ಡಿನ ಗದ್ದಲದಲ್ಲೇ ಪ್ರಾಜಕ್ತಾಗೆ ಫೋನು ಮಾಡಿದೆ. ಸೋಮವಾರ ಖಾನಾವಳಿ ಮುಚ್ಚುವುದಿತ್ತು. ಬಾಗಿಲು ಹಾಕಿದರೂ ಮಷೀನಿಗೆ ತಿಳಿಸದಿದ್ದರೆ ಮೊಬೈಲಿನ ಆರ್ಡರು ಬರುತ್ತಲೇ ಇರುತ್ತವೆ.

"ಸೋಮವಾರ ಮಷೀನ್ದಾಗ ಪೂರಾ ಸೂಟಿ ಹಾಕವ್ವಾ" ಎಂದೆ.

"ಹೂಂ ಆಯಿ" ಎಂದಳು.

ಸೋಮವಾರ ಮಧ್ಯಾಹ್ನ ಡಾಕ್ಟರು ನಗುತ್ತ ಹೊರಗೆ ಬಂದರು. ಏನೂ ಕಟ್ಟಿಲ್ಲ, ಗುಳಿಗೆ ಸಾಕು, ಸಂಜೆ ಮನೆಗೆ ಹೋಗಬಹುದು. ನಾನು ಅಲ್ಲೇ ಗೋಡೆ ಹಿಡಿದು ಅತ್ತುಬಿಟ್ಟೆ. ಯಜಮಾನರು ಮಲಗಿದಲ್ಲಿಂದಲೇ "ಹಸಿವ್ಯಾಗೇತಿ" ಎಂದರು. ಅವರ ಬಳಿ ನಿಲೇಶನನ್ನು ಕೂರಿಸಿ, ಮುಚ್ಚಿದ ಖಾನಾವಳಿ ತೆರೆದು ಒಂದು ರೊಟ್ಟಿ ಬಡಿದು ತರೋಣ ಎಂದು ಓಡಿದೆ.

ಖಾನಾವಳಿ ತುಂಬಿ ತುಳುಕುತ್ತಿತ್ತು!

"ಏನ ನಡಸೀಯ ಇದು?" ಎಂದು ಬಾಗಿಲಲ್ಲೇ ಕೂಗಿದೆ. ಕೌಂಟರಿನಲ್ಲಿ ಪ್ರಾಜಕ್ತಾ ಬೆಚ್ಚಿಬಿದ್ದು ಎದ್ದಳು.

"ಆಯಿ, ನೀವ ಹೇಳಿದ್ರಿ... ಇವತ್ತ ಪೂರಾ ಸೂಟ ಹಾಕು ಅಂತ. ನೂರು ಪರ್ಸೆಂಟ್. ಬಾಬಾಗೋಸ್ಕರ ಹರಕಿ ಅಂತ ತಿಳದೆ."

ಅಯ್ಯೋ ಶಿವನೇ! ನಾನು ಹೇಳಿದ್ದು ಸೂಟಿ, ರಜೆ. ಇವಳ ಕಿವಿಗೆ ಬಿದ್ದದ್ದು ಸೂಟ. ಮುಂಜಾನೆಯಿಂದ ಊರಿಗೆಲ್ಲ ಪುಕ್ಕಟೆ ಊಟ! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಕೈ ತೊಳೆದುಕೊಂಡು ಬಂದ ಅಥಣಿ ಕಡೆಯ ಮುದುಕಿಯೊಬ್ಬಳು ನನ್ನ ಕೈ ಹಿಡಿದಳು.

"ನಿಮ್ಮ ಯಜಮಾನ್ರು ಆರಾಮ ಆದ್ರಂತಲ್ಲ ತಂಗಿ. ಚೊಲೊ ಆತು. ನಮ್ಮಾಂವನೂ ಹಂಗ ಎದ್ದ ಬರ್ಲಿ."

ನಾನಿನ್ನೂ ಯಾರಿಗೂ ಹೇಳಿರಲಿಲ್ಲ. "ನಿಮಗ ಯಾರ ಹೇಳಿದ್ರು?" ಎಂದೆ. ಅವಳು ಸೆರಗಿನ ಗಂಟು ಬಿಚ್ಚಿ, ಮುಂಜಾನೆ ಉಪ್ಪಿಟ್ಟು ತಿಂದಾಗಿನ ಬಿಲ್ಲು ತೋರಿಸಿದಳು. ಮೊತ್ತ ಸೊನ್ನೆ. ಕೆಳಗೆ ಮರಾಠಿಯಲ್ಲಿ, ಕಾರಣ: ಬಾಬಾ ಬರೆ ಝಾಲೆ. ಬಾಬಾ ಗುಣವಾದರು.

ಆ ಹೊತ್ತಿಗೆ ಯಜಮಾನರನ್ನಿನ್ನೂ ತಪಾಸಣೆಗೆ ಒಳಗೆ ಕರೆದೊಯ್ದಿರಲಿಲ್ಲ.

ಪ್ರಾಜಕ್ತಾ ತಲೆ ತಗ್ಗಿಸಿ ನಿಂತಿದ್ದಳು. "ಚುಕಲಂ ಕಾ, ಆಯಿ? ತಪ್ಪಾತ?"

"ಏನೂ ತಪ್ಪಾಗಿಲ್ಲ. ಪೂರಾ ಸೂಟ ಅಂತನ ಹೇಳಿದ್ದೆ" ಎಂದೆ. "ನಾಳೆ ಮುಂಜಾನೆ ಮಾತ್ರ ನೆನಪಿಲೆ ತಗಿ, ಇಲ್ಲಾಂದ್ರ ನಾವ ಸ್ಟೇಷನ್ದಾಗ ಭಿಕ್ಷಾ ಬೇಡಕೋತ ಕುಂದ್ರಬೇಕಾಕ್ಕೇತಿ."

ಅವಳು ಅಳುತ್ತಲೇ ನಕ್ಕಳು. ರೊಟ್ಟಿ, ಝುಣಕ ಕಟ್ಟಿಕೊಟ್ಟು ಅದಕ್ಕೂ ಅದೇ ಕಾರಣದ ಒಂದು ಬಿಲ್ಲು ತೆಗೆದಳು.

ಯಜಮಾನರು ರೊಟ್ಟಿ ಮುರಿಯುತ್ತ ಬಿಲ್ಲು ಓದಿದರು. ನಡೆದದ್ದನ್ನೆಲ್ಲ ಹೇಳಿದೆ.

"ಅಂದ್ರ ನಾವಿಬ್ಬರೂ ಇಲ್ಲೆ ಅಂಜಿ ಸಾಯಾಕ ಹತ್ತಿದಾಗ..." ಎಂದರು.

"ಹೂಂ. ಅಲ್ಲೆ ನಿಮಗ ಆಗಲೇ ಆರಾಮ ಆಗಿತ್ತು."

ಅವರು ಬಿಲ್ಲನ್ನು ಮಡಚಿ ಅಂಗಿಯ ಎದೆಕಿಸೆಯಲ್ಲಿ ಇಟ್ಟುಕೊಂಡು, ಇನ್ನೊಂದು ರೊಟ್ಟಿ ಕೇಳಿದರು.