ಮಲ್ಪೆ ಕಡಲಿಗೆ ಎಸೆದ ಬಾಳ್

“ಬಾತ್‌ರೂಮಲ್ಲಿ ಜಾರಿ ಬಿದ್ದದ್ದು ಮಾರಾಯ್ರೆ” ಎಂದು ನನ್ನ ಗಂಡ ಸರ್ವೋತ್ತಮ ಪಕ್ಕದ ವಿಲ್ಲಾದ ಗೇಬ್ರಿಯಲ್‌ಗೆ ಹೇಳುವಾಗ ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದೆ. ಅದೇ ಸೌಟಿನಿಂದ ಇನ್ನೊಂದು ಹಲ್ಲು ಉದುರಿಸುವಷ್ಟು ಸಿಟ್ಟು ಬಂತು. ಮುಂದಿನ ಹಲ್ಲು ಒಂದು ಹೋಗಿದೆ, ಎಡಗಣ್ಣು ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ. ಯಾವ ಬಾತ್‌ರೂಮು ಹಾಗೆ ಬಡಿಯುತ್ತದೆ?

ಮಗಳು ಯಶ್ಮಿತಾ ಮಹಡಿಯ ಮೇಲಿದ್ದಳು. ಥಾಯ್ಲೆಂಡಿನಿಂದ ಅಬುಧಾಬಿಗೆ ಮರಳಿದ ಮೇಲೆ ಅಪ್ಪನ ಜೊತೆ ಅವಳದ್ದು ಒಂದು ಮಾತೂ ಇಲ್ಲ. ಅಪ್ಪ ಅಂದರೆ ಪ್ರಾಣ ಬಿಡುತ್ತಿದ್ದವಳು! ಅವಳು ಇನ್ನು ಮೇಲೆ ಇವರನ್ನು ನಂಬುತ್ತಾಳೋ ಇಲ್ಲವೋ ಎಂಬುದೊಂದೇ ನಮ್ಮ ಮನೆಯಲ್ಲಿ ಈಗ ಪ್ರಶ್ನೆ.

ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ಮುಗಿದದ್ದೇ ಅವಳು ಚಿಯಾಂಗ್ ಮಾಯ್ ಹತ್ತಿರ ಬೀದಿ ನಾಯಿಗಳ ಶೆಲ್ಟರಿನಲ್ಲಿ ವಾಲಂಟಿಯರ್ ಆಗುತ್ತೇನೆ ಎಂದು ಹಟ ಹಿಡಿದಳು. ಒಬ್ಬಳನ್ನೇ ಹೇಗೆ ಕಳಿಸುವುದು? ನಾವಿಬ್ಬರೂ ರಜೆ ಹಾಕಿ ಹೊರಟೆವು. ನಾಯಿ ಕಂಡರೆ ರಸ್ತೆ ದಾಟುವ ನಾನು ಅಲ್ಲಿ ನಾಯಿಗಳಿಗೆ ಸೋಪು ಹಚ್ಚಿದೆ. ಅವಳು ಹುಳ ಬಿದ್ದ ಗಾಯ ತೊಳೆದು ಬ್ಯಾಂಡೇಜು ಕಟ್ಟುತ್ತಿದ್ದಳು. ಕಟ್ಟುವಾಗ ಒಂದೊಂದು ನಾಯಿಯನ್ನೂ ಕೇಳುತ್ತಿದ್ದಳು, “ನೋವಾಗ್ತದಾ ಮಗಾ?”

ವಾರಾಂತ್ಯಕ್ಕೆ ಶೆಲ್ಟರಿನವರೇ, ಪೇಟೆಗೆ ಹೋಗಿ ಸುಧಾರಿಸಿಕೊಳ್ಳಿ ಎಂದರು. ಚಿಯಾಂಗ್ ಮಾಯ್‌ನ ಹಳೇ ಪೇಟೆಯ ಗಲ್ಲಿಯಲ್ಲಿ ಅಂಗಳವಿರುವ ಒಂದು ಗೆಸ್ಟ್‌ಹೌಸು. ಕಾಲಿಗೆ ಮಸಾಜ್ ಮಾಡಿಸಿದೆವು, ಮಾವಿನಹಣ್ಣಿನ ಜೊತೆ ಅಲ್ಲಿಯ ಅಂಟಂಟು ಅನ್ನ ತಿಂದೆವು. ಯಶ್ಮಿತಾ ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಕೂತಿದ್ದಳು. ಆಹಾ, ಇದಲ್ಲವಾ ಸುಖ ಅಂದುಕೊಂಡೆ. ನನ್ನ ದೃಷ್ಟಿಯೇ ತಾಗಿತೋ ಏನೋ, ಹಿತ್ತಲಲ್ಲಿ ಹುಂಜ ಕೂಗಿತು.

ಇವರ ಕಿವಿ ನೆಟ್ಟಗಾಯಿತು. ಉಡುಪಿಯ ಕಡೆಯವರು, ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕ ಎಂದರೆ ಊಟ ಬಿಡುವ ಜನ. ಯಶ್ಮಿತಾ ಆರು ವರ್ಷದವಳಿದ್ದಾಗ ರಜೆಗೆ ಊರಿಗೆ ಹೋಗಿದ್ದೆವು. ಅವಳು ಅಂಗೈಯಲ್ಲಿ ಅಕ್ಕಿ ಹಾಕಿ ಸಾಕಿದ್ದ ಹುಂಜವನ್ನು ಇವರು ಕದ್ದು ಅಂಕಕ್ಕೆ ಒಯ್ದರು. ಕಾಲಿಗೆ ಬಾಳ್ ಕಟ್ಟಿದರು. ಬಾಳ್ ಎಂದರೆ ಬೆರಳುದ್ದದ ಬಾಗಿದ ಕತ್ತಿ, ಇವರದ್ದರ ತುದಿ ಸ್ವಲ್ಪ ಮುಕ್ಕಾಗಿತ್ತು. ಹುಂಜ ಸತ್ತಿತು. ಮಗು ಮೂರು ದಿನ ಜ್ವರದಲ್ಲಿ ಕನವರಿಸಿತು. ಆಗ ಇವರು ಅವಳ ತಲೆ ಮುಟ್ಟಿ, “ಬಾಳ್ ಮಲ್ಪೆ ಕಡಲಿಗೆ ಎಸೆದು ಬಂದೆ ಮಗಾ, ಇನ್ನು ಖಲಾಸ್” ಎಂದಿದ್ದರು. ಅವಳು ನಂಬಿದಳು. ನಾನೂ ನಂಬಿದೆ ನೋಡಿ, ಕಿವಿಗೆ ಹೂವಿಟ್ಟುಕೊಂಡು.

ಸಂಜೆ ಅವಳು ಐಸ್‌ಕ್ರೀಮ್ ತರಲು ಹೋದಳು. ಹಿತ್ತಲಲ್ಲಿ ಗೆಸ್ಟ್‌ಹೌಸಿನ ಯಜಮಾನನ ಹುಂಜಕ್ಕೂ ಪಕ್ಕದ ಮನೆಯ ಮುದುಕನ ಹುಂಜಕ್ಕೂ ಅಭ್ಯಾಸದ ಕಾಳಗ. ಗಾಯವಾಗದಂತೆ ಕಾಲಿನ ಮುಳ್ಳಿಗೆ ಬಟ್ಟೆ ಸುತ್ತಿದ್ದರು. ಮುದುಕ ತನ್ನ ಹುಂಜದ ಮುಖವನ್ನು ಒದ್ದೆ ಬಟ್ಟೆಯಿಂದ ಮೊಮ್ಮಗನಿಗೆ ಒರೆಸಿದ ಹಾಗೆ ಒರೆಸುತ್ತಿದ್ದ. ಯಜಮಾನ ಫೋನ್ ಬಂತೆಂದು ತನ್ನ ಹುಂಜವನ್ನು ಇವರ ಕೈಗೆ ಕೊಟ್ಟು ಒಳಗೆ ಹೋದ.

“ಪಾಪ, ಬಾಳ್ ಇಲ್ಲ ಇವರಲ್ಲಿ” ಎಂದು ಇವರು ಗೊಣಗಿದ್ದು ನನಗೆ ಕೇಳಿತು. ಶೇವಿಂಗ್ ಬ್ಯಾಗಿನಿಂದ ಕೆಂಪು ಬಟ್ಟೆಯ ಗಂಟು ತಂದದ್ದು, ಅದರೊಳಗಿನದ್ದನ್ನು ಹುಂಜದ ಕಾಲಿಗೆ ಬಿಗಿದದ್ದು ಕಾಣಲಿಲ್ಲ. ಯಜಮಾನ ಮರಳಿದ್ದೇ ಹುಂಜ ಬಿಟ್ಟರು.

ಒಂದು ನೆಗೆತ. ಇನ್ನೊಂದು ನೆಗೆತ. ಮುದುಕನ ಹುಂಜದ ಹೊಟ್ಟೆ ಬಿರಿದು ಕರುಳು ಮಣ್ಣಿಗೆ ಬಿತ್ತು. ಗೋಡೆಯ ಮೇಲೆಲ್ಲ ರಕ್ತ. ಮುದುಕ ಒದ್ದೆ ಬಟ್ಟೆ ಹಿಡಿದೇ ಓಡಿ ಬಂದ. ಅಷ್ಟು ಹೊತ್ತಿಗೆ ನನ್ನ ಗಂಡನೆಂಬ ಪುಣ್ಯಾತ್ಮ ಏನು ಮಾಡಬೇಕು? ನಮ್ಮೂರಲ್ಲಿ ಸೋತ ಕೋಳಿ ಗೆದ್ದವನ ಪಾಲು. ಇವರು ನಗುತ್ತಾ ಹೋಗಿ, ಇನ್ನೂ ಒದ್ದಾಡುತ್ತಿದ್ದ ಹುಂಜವನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಿದರು.

“ಲೋಲಾ, ರಾತ್ರಿಗೆ ಕೋಳಿ ಸುಕ್ಕ ಮಾಡುವ!” ಎಂದು ನನ್ನನ್ನು ಕೂಗಿದರು.

ಮುದುಕ ಮರದ ಸ್ಟೂಲು ಎತ್ತಿ ಇವರ ಮುಖಕ್ಕೆ ಬಡಿದ. ಹಲ್ಲು ಹಾರಿತು. ಬಿದ್ದ ಇವರ ಪಕ್ಕೆಗೆ ಗೆಸ್ಟ್‌ಹೌಸಿನ ಯಜಮಾನ ಒದ್ದ, ಮತ್ತೆ ಒದ್ದ. ನಾನು ಸುಮ್ಮನಿರುವ ಜನವಾ? ತಪ್ಪು ಯಾರದ್ದೆಂದು ಯೋಚಿಸದೆ ಚಪ್ಪಲಿಯಿಂದ ಅವನ ಕುತ್ತಿಗೆಗೆ ಬಾರಿಸಿದೆ, ನನ್ನ ಕೈ ಹಿಡಿದಾಗ ಅವನ ಮಣಿಕಟ್ಟು ಕಚ್ಚಿದೆ. ಬಾಯಿಗೆ ರಕ್ತದ ಉಪ್ಪು ಬಂತು. ಗೆದ್ದ ಹುಂಜ ಕತ್ತಿ ಸಮೇತ ಹಿತ್ತಲಿಡೀ ಓಡಿ ಯಜಮಾನನ ಮೀನಖಂಡ ಸೀಳಿತು.

ಹಿತ್ತಲ ಗೇಟಿನಲ್ಲಿ ಯಶ್ಮಿತಾ ನಿಂತಿದ್ದಳು. ಐಸ್‌ಕ್ರೀಮ್ ಕೆಳಗೆ ಹಾಕಿ ಶಾಲು ಬೀಸಿ ಹುಂಜವನ್ನು ಅದುಮಿ ಹಿಡಿದಳು, ಕಾಲಿನ ದಾರ ಬಿಚ್ಚಿ ಬಾಳ್ ತೆಗೆದಳು. ಮುಕ್ಕಾದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಪಪ್ಪ, ಇದು ಮಲ್ಪೆಯಲ್ಲಿ ಮುಳುಗಿದ್ದಲ್ವಾ?”

ಇವರು ಬಾಯಿಂದ ರಕ್ತ ಉಗುಳಿದರು. ಅವಳು ಸತ್ತ ಹುಂಜದ ಹತ್ತಿರ ಮಂಡಿಯೂರಿದಳು, ಮುದುಕ ಅವಳ ಕೈಯನ್ನು ಹೊಡೆದು ದೂಡಿದ. ಅಷ್ಟು ನಾಯಿಗಳಿಗೆ ಬ್ಯಾಂಡೇಜು ಕಟ್ಟಿದ ಕೈ ಅದು.

ಇವತ್ತು ಭಾನುವಾರ. ಊಟಕ್ಕೆ ಕೂತ ಗೇಬ್ರಿಯಲ್ ಪಾಪ, ಒಳ್ಳೇ ಮನಸ್ಸಿನಿಂದಲೇ ಕೇಳಿದರು. “ಥಾಯ್ಲೆಂಡಲ್ಲಿ ರಿಲ್ಯಾಕ್ಸ್ ಆಯ್ತಾ ಸರ್ವೋತ್ತಮಣ್ಣ?”

“ಫಸ್ಟ್ ಕ್ಲಾಸ್ ಮಾರಾಯ್ರೆ! ಆ ಬಾತ್‌ರೂಮ್ ಒಂದು…”

ಮೆಟ್ಟಿಲಿಳಿದು ಬಂದ ಯಶ್ಮಿತಾ ಬಾಳನ್ನು ಅವರ ತಟ್ಟೆಯ ಪಕ್ಕ, ಕೋಳಿ ಸುಕ್ಕದ ಬದಿಗೆ ಇಟ್ಟಳು. ಕಪ್ಪಗೆ ಒಣಗಿದ ರಕ್ತ ಅದರ ಮೇಲೆ ಹಾಗೇ ಇತ್ತು. ಗೇಬ್ರಿಯಲ್ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು.

ಇವರು ಎದ್ದರು. ಬಾಳ್ ಹಿಡಿದು ಅಡುಗೆಮನೆಗೆ ನುಗ್ಗಿ, ಕಟ್ಟೆಯ ಮೇಲಿಟ್ಟು ಕುಟ್ಟುವ ಕಲ್ಲಿನಿಂದ ಜಜ್ಜತೊಡಗಿದರು. “ಇವತ್ತು ಇದನ್ನು ಬಿಡುದಿಲ್ಲ, ಬಿಡುದಿಲ್ಲ!” ನಾಲ್ಕನೇ ಪೆಟ್ಟಿಗೆ ಬಾಳ್ ಚಿಮ್ಮಿ ಅಂಗೈ ಸೀಳಿತು. ರಕ್ತ ಕಟ್ಟೆಯಿಂದ ಟೈಲ್ಸಿಗೆ ಇಳಿಯಿತು. ನಾನು ಕಿರುಚಿದೆ.

ಯಶ್ಮಿತಾ ಫಸ್ಟ್ ಏಡ್ ಡಬ್ಬಿ ತಂದಳು. ಅಪ್ಪನನ್ನು ಕೂರಿಸಿ ಗಾಯ ಒತ್ತಿ ಹಿಡಿದಳು, ತೊಳೆದಳು, ಶೆಲ್ಟರಿನಲ್ಲಿ ಕಲಿತ ಹಾಗೆಯೇ ಸುತ್ತು ಸುತ್ತು ಕಟ್ಟಿದಳು.

“ಗೇಬ್ರಿಯಲ್, ನಾನು ಬಾತ್‌ರೂಮಲ್ಲಿ ಬಿದ್ದದ್ದಲ್ಲ” ಎಂದರು ಇವರು. ಕಣ್ಣು ಮಾತ್ರ ಮಗಳ ಬಾಯಿಯ ಮೇಲಿತ್ತು. ಅವಳು ಗಂಟು ಬಿಗಿದಳು, ಕೈ ತೊಳೆದಳು, ಮೇಲೆ ಹೋದಳು.

“ನೋವಾಗ್ತದಾ ಅಂತ ಕೇಳ್ಲೇ ಇಲ್ಲ ಲೋಲಾ” ಎಂದರು ಇವರು, ಮಗುವಿನ ಹಾಗೆ.

ನಾನೂ ಕೇಳಲಿಲ್ಲ. ಬಟ್ಟೆ ತಂದು ನೆಲ ಒರೆಸಿದೆ.